ನೀವು ಯಾರ ಕಡೆಯವರು?

ಮದುವೆಮನೆಯ ಪಂಕ್ತಿಯಲ್ಲಿ ಗುರುತಿಲ್ಲದವರೊಬ್ಬರು ಕುಳಿತಿದ್ದರೆ ನಮ್ಮ ಹಿರಿಯರು ಅವರ ಮುಖವನ್ನೇ ದಿಟ್ಟಿಸುತ್ತ ಕೂರುವುದಿಲ್ಲ. “ತಾವು ಯಾರ ಕಡೆಯವರು?” ಎಂದು ಮೆಲ್ಲಗೆ ಕೇಳುತ್ತಾರೆ. ಗಂಟು ಅಲ್ಲಿಗೇ ಬಿಚ್ಚಿಕೊಳ್ಳುತ್ತದೆ. ಹಳೆಯ ಮೋಟಾರುಗಾಡಿಯ ತಂತಿಗಳ ಗೋಜಲಿಗೂ ಇದೇ ಪ್ರಶ್ನೆ ಮದ್ದೆಂಬುದನ್ನು ಈಚೆಗೆ ಕಲಿತೆ.

ಪುಣೆಯ ನಮ್ಮ ವಠಾರದ ರಾಯರಲ್ಲಿ 1964ರ ಅಂಬಾಸಿಡರ್ ಮಾರ್ಕ್ 2 ಇದೆ. ಅವರ ತಂದೆ ಕೊಂಡದ್ದು. ಸಂಸಾರವೆಲ್ಲ ಧಾರವಾಡ ಬಿಟ್ಟು ಇಲ್ಲಿಗೆ ಬಂದದ್ದು ಅದರಲ್ಲಿಯೇ. ಹದಿನೆಂಟು ವರ್ಷ ಶೆಡ್ಡಿನಲ್ಲಿ ಮಲಗಿದ್ದ ಗಾಡಿಯನ್ನು ಎಬ್ಬಿಸಿ, ಎಂಬತ್ತೈದು ದಾಟಿದ ತಾಯಿಯನ್ನು ಒಮ್ಮೆ ಊರಿಗೆ ಕರೆದೊಯ್ಯಬೇಕೆಂಬುದು ರಾಯರ ಹಂಬಲ. ಹೆಚ್ಚು ಕಾಲ ಕಾಯುವಂತಿಲ್ಲ.

ಎಂಜಿನ್ ಬೇಗನೆ ಕೆಮ್ಮಿ ಎದ್ದಿತು. ತೊಡಕಾದದ್ದು ಬಿಸ್ಕತ್ತಿನ ಡಬ್ಬಿಯಲ್ಲಿ ಬಿಚ್ಚಿಟ್ಟಿದ್ದ ಬಿಡಿಭಾಗಗಳಿಂದ. ಅದರಲ್ಲೊಂದು ಹೆಬ್ಬೆರಳು ಗಾತ್ರದ ಅಲ್ಯೂಮಿನಿಯಂ ಕರಂಡ. ಬುಡದಲ್ಲಿ ಮೂರು ಕಾಲು, ಪಕ್ಕದಲ್ಲಿ ಬಿ, ಎಲ್, ಪಿ ಎಂಬ ಅಕ್ಷರ. ಕಂಡೆನ್ಸರ್ ಇರಬೇಕೆಂದು ನಾವಿಬ್ಬರೂ ಪಂಡಿತರಂತೆ ತೀರ್ಮಾನಿಸಿ, ನೇರವಾಗಿ ಬ್ಯಾಟರಿಗೇ ತಗುಲಿಸಿದೆವು. ಚಿಟ್ಟೆಂದಿತು, ವಾಸನೆ ಬಂತು, ಕರಂಡ ಸತ್ತಿತು.

ಆಮೇಲೆ ಬುದ್ಧಿ ಬಂದಿತು. ವಸ್ತುವಿನ ಮುಖ ಬಿಟ್ಟು ಅದಕ್ಕೆ ಬರುವ ತಂತಿಗಳನ್ನು ವಿಚಾರಿಸಿದೆವು. ಮಾರಿಸ್ ಆಕ್ಸ್‌ಫರ್ಡಿನ ವಂಶದ ಈ ಗಾಡಿಯ ತಂತಿಗಳಿಗೆ ಬ್ರಿಟನ್ನಿನ ಲ್ಯೂಕಸ್ ಪದ್ಧತಿಯ ಬಣ್ಣಗಳಿವೆ. ಕಂದು ಎಂದರೆ ಬ್ಯಾಟರಿಯಿಂದ ನೇರ ಬಂದದ್ದು. ಬಿಳಿ, ಕೀಲಿ ತಿರುಗಿಸಿದ ಮೇಲೆ ಜೀವ ಬರುವುದು. ಹಸಿರು, ಅದೇ ಕೀಲಿಯ ಹಿಂದೆ ಫ್ಯೂಸನ್ನೂ ದಾಟಿ ಬಂದದ್ದು. ಕೆಂಪು ಬದಿಯ ಮತ್ತು ಹಿಂದಿನ ದೀಪಗಳದು; ನೀಲಿ ಮುಂದಿನ ದೊಡ್ಡ ದೀಪಗಳದು; ಕಪ್ಪು ಭೂಮಿಗೆ. ಬಣ್ಣದ ಮೇಲೊಂದು ಗೆರೆ ಇದ್ದರೆ ಅದು ಮನೆತನದ ಹೆಸರಿನ ಜೊತೆಗೆ ಸ್ವಂತ ಹೆಸರಿದ್ದಂತೆ.

ಅರುವತ್ತು ವರ್ಷದ ಧೂಳಿನಲ್ಲಿ ಎಲ್ಲ ಬಣ್ಣವೂ ಒಂದೇ. ಆದರೆ ಟೇಪಿನ ಸುತ್ತು ಎರಡಂಗುಲ ಬಿಚ್ಚಿದರೆ, ಬಿಸಿಲು ಕಾಣದ ಒಳಭಾಗದಲ್ಲಿ ನಿಜಬಣ್ಣ ನಗುತ್ತಿರುತ್ತದೆ. ಹಾಗೆ ನೋಡಿದಾಗ ಖಾಲಿ ಬಿದ್ದಿದ್ದ ಮೂರು ತುದಿಗಳು ಸಿಕ್ಕವು: ಒಂದು ಹಸಿರು, ಒಂದು ತಿರುವುದೀಪದ ಸ್ವಿಚ್ಚಿಗೆ ಹೋಗುವುದು, ಒಂದು ಮುಂಫಲಕದ ಪುಟ್ಟ ದೀಪಕ್ಕೆ. ಅಕ್ಷರಗಳೂ ಬಾಯಿಬಿಟ್ಟವು: ಬಿ ಬ್ಯಾಟರಿ, ಎಲ್ ಲ್ಯಾಂಪು, ಪಿ ಪೈಲಟ್. ನಾವು ಸುಟ್ಟದ್ದು ತಿರುವುದೀಪವನ್ನು ಮಿಟುಕಿಸುವ ಫ್ಲಾಶರ್! ಒಳಗಿನ ಸಣ್ಣ ತಂತಿ ಬಿಸಿಯಾಗಿ ಹಿಗ್ಗಿದರೆ ದೀಪ ಹೊತ್ತುವುದು, ತಣ್ಣಗಾಗಿ ಕುಗ್ಗಿದರೆ ಆರುವುದು. ದೀಪಗಳ ತಡೆಯಿಲ್ಲದೆ ನೇರ ವಿದ್ಯುತ್ತು ಹರಿಸಿದರೆ ಆ ಎಳೆ ಉಳಿಯುವುದುಂಟೇ?

ಅಂಬಾಸಿಡರ್ ತಯಾರಿಕೆ 2014ರಲ್ಲಿಯೇ ನಿಂತಿತು. ಇನ್ನೊಂದು ಫ್ಲಾಶರಿಗಾಗಿ ಮೂರು ಭಾನುವಾರ ಜುನಾ ಬಾಜಾರಿನಲ್ಲಿ ಅಲೆದೆವು. ಸಿಕ್ಕ ಮೇಲೆ ಆಫೀಸಿನ ಅಭ್ಯಾಸದಂತೆ ಪ್ರತಿ ತಂತಿಯ ಎರಡೂ ತುದಿಗೆ ಚೀಟಿ ಕಟ್ಟಿದೆ: ಸಂಖ್ಯೆ, ಬಣ್ಣ, ಎಲ್ಲಿಂದ, ಎಲ್ಲಿಗೆ. ಮುಟ್ಟುವ ಮೊದಲು ಬ್ಯಾಟರಿಯನ್ನು ಕಳಚುವುದು. ಗುರುತು ಸಿಗದ್ದನ್ನು ಕತ್ತರಿಸದಿರುವುದು, ಎಸೆಯದಿರುವುದು. ನಿಯಮ ಇಷ್ಟೇ.

ಮೊನ್ನೆ ಸ್ವಿಚ್ಚು ತಿರುಗಿಸಿದಾಗ ಟಿಕ್ ಟಿಕ್ ಎಂದು ಸದ್ದಾಯಿತು. ಹಿಂದಿನ ಆಸನದಲ್ಲಿದ್ದ ಅಜ್ಜಿ ಕಣ್ಣು ಮುಚ್ಚಿಕೊಂಡೇ, “ಅವರು ಬಲಕ್ಕೆ ತಿರುಗುವಾಗ ಹೀಗೇ ಕೇಳುತ್ತಿತ್ತು” ಎಂದರು. ಬ್ರೇಕಿನ ಕೆಲಸ ಮುಗಿದೊಡನೆ ಧಾರವಾಡಕ್ಕೆ ಪ್ರಯಾಣ.

ರಾಯರ ತಂದೆಗೆ ಆ ಡಬ್ಬಿಯ ಪ್ರತಿ ತುಣುಕೂ ಗೊತ್ತಿತ್ತಂತೆ. ಅವರಿದ್ದಾಗ ಯಾರೂ ಕೇಳಲಿಲ್ಲ. ನಿಮ್ಮ ಅಟ್ಟದಲ್ಲಿಯೂ ಅಂಥದೊಂದು ಡಬ್ಬಿ ಇದ್ದೀತು. ಬಲ್ಲವರು ಮನೆಯಲ್ಲಿರುವಾಗಲೇ ಒಂದು ಚೀಟಿ ಬರೆದು ಕಟ್ಟಿಬಿಡಿ.