ಒಲೆಯ ಬೂದಿ, ಓವನ್ನಿನ ಕರಿ

ದೀಪಾವಳಿ ಹತ್ತಿರ ಬಂದಿದೆ. ಹಿತ್ತಾಳೆಗೆ ಹುಣಸೆಹಣ್ಣು, ಹಾಸಿಗೆಗೆ ಬಿಸಿಲು, ಗೋಡೆಗೆ ಸುಣ್ಣ. ಇವನ್ನು ನಮ್ಮ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅಡುಗೆಮನೆಯ ಕಟ್ಟೆಯ ಮೇಲೆ ಈಚೆಗೆ ಬಂದು ಕುಳಿತಿರುವ ಓವನ್ನಿನ ಬಾಗಿಲು ತೆರೆದಾಗ ಮಾತ್ರ ಅನೇಕರು ಮುಖ ತಿರುಗಿಸಿ, ಮತ್ತೆ ಮುಚ್ಚಿಬಿಡುತ್ತಾರೆ.

ಗಡಹಿಂಗ್ಲಜದ ನಮ್ಮ ಮನೆಯಲ್ಲಿ ನಾನು ಚಿಕ್ಕವಳಿದ್ದಾಗ ಮಣ್ಣಿನ ಕೋಡೊಲೆಯಿತ್ತು. ರಾತ್ರಿ ಎಷ್ಟೇ ದಣಿದಿದ್ದರೂ ಬೆಳಿಗ್ಗೆ ಬೂದಿ ತೆಗೆದು, ಒಲೆ ಸಾರಿಸಿಯೇ ಅಜ್ಜಿ ಬೆಂಕಿ ಹೊತ್ತಿಸುತ್ತಿದ್ದರು. ಅದು ಮಡಿಯೆಂದು ತಿಳಿದಿದ್ದೆ. ಜೊತೆಗೆ ಜಾಣತನವೂ ಆಗಿತ್ತೆಂಬುದು ತಡವಾಗಿ ತಿಳಿಯಿತು. ನಿನ್ನೆಯ ಜಿಡ್ಡು ಇಂದಿನ ಉರಿಯಲ್ಲಿ ಬೇಯಲು ಅವರು ಅವಕಾಶವನ್ನೇ ಕೊಡುತ್ತಿರಲಿಲ್ಲ. ಓವನ್ನಿನಲ್ಲಿ ಆಗುವುದು ಇದರ ವಿರುದ್ಧ. ಒಮ್ಮೆ ಸಿಡಿದ ಎಣ್ಣೆ ಮುಂದಿನ ಸಲ ಕಾಯ್ದು ಅಂಟಾಗುತ್ತದೆ, ಅದರ ಮುಂದಿನ ಸಲ ಕರಿಯಾಗುತ್ತದೆ, ಆಮೇಲೆ ಕಲ್ಲಾಗುತ್ತದೆ. ಗ್ರಿಲ್ಲಿನ ಕೆಳಗಿನ ತಟ್ಟೆಯಲ್ಲಿ ನಿಂತ ಕೊಬ್ಬಾದರೋ ಒಂದು ದಿನ ಹೊತ್ತಿಕೊಳ್ಳಲೂಬಹುದು. ಹಾಗಾದರೆ ಸ್ವಿಚ್ಚು ಆರಿಸಿ, ಬಾಗಿಲು ಮುಚ್ಚಿಯೇ ಇಡಬೇಕು, ನೀರು ಎರಚಬಾರದು.

ಕಳೆದ ವರ್ಷ ಇಚಲಕರಂಜಿಯ ಬಂಧುಗಳ ಮನೆಯಲ್ಲಿ ನಡೆದುದನ್ನು ಹೇಳಲೇಬೇಕು. ಮಗ್ಗಗಳ ಆ ಊರಿನಲ್ಲಿ ಹತ್ತಿಬಟ್ಟೆಯ ಸಂಸ್ಕರಣಕ್ಕೆ ಕಾಸ್ಟಿಕ್ ಸೋಡಾ ಬಳಕೆಯಲ್ಲಿದೆ. ಅದು ಜಿಡ್ಡನ್ನು ಕಿತ್ತುಹಾಕುವುದೆಂದು ಎಲ್ಲರೂ ಬಲ್ಲರು. ಮನೆಯೊಡತಿ ಪರಿಚಯದವರಿಂದ ಒಂದು ಹಿಡಿ ತರಿಸಿ, ಓವನ್ನಿನ ಅಲ್ಯೂಮಿನಿಯಂ ತಟ್ಟೆಗೆ ಹಾಕಿ ಬಿಸಿನೀರು ಸುರಿದಳು. ತಟ್ಟೆ ಕುದಿಯತೊಡಗಿತು. ನೊರೆ ಉಕ್ಕಿತು, ಗಂಟಲು ಕೆರೆಯುವ ಆವಿ ಎದ್ದಿತು, ಒಂದು ಹನಿ ಮುಂಗೈಗೆ ಸಿಡಿಯಿತು. ಕರಿಯೇನೋ ಹೋಯಿತು, ಅದರೊಂದಿಗೆ ತಟ್ಟೆಯ ಮೈಯೂ ಹೋಯಿತು. ಕಾಸ್ಟಿಕ್ ಅಲ್ಯೂಮಿನಿಯಂನೊಡನೆ ಸೇರಿದರೆ ಹೊತ್ತಿಕೊಳ್ಳಬಲ್ಲ ಜಲಜನಕ ಅನಿಲ ಹೊಮ್ಮುತ್ತದೆ. ಪಕ್ಕದಲ್ಲಿ ಗ್ಯಾಸ್ ಉರಿಯುತ್ತಿರಲಿಲ್ಲವೆಂಬುದು ಭಾಗ್ಯ. ಕೈಯನ್ನು ಹರಿಯುವ ನೀರಿನಡಿ ಇಪ್ಪತ್ತು ನಿಮಿಷ ಹಿಡಿಸಿದೆವು. ಇಂಥ ಸುಟ್ಟಗಾಯಕ್ಕೆ ನಿಂಬೆರಸ ಹಚ್ಚಲು ಓಡುವವರುಂಟು. ಬೇಡ, ನೀರೇ ಔಷಧ. ಕಣ್ಣಿಗೆ ಸಿಡಿದರೆ ನೀರಿನಿಂದ ತೊಳೆಯುತ್ತಲೇ ವೈದ್ಯರಲ್ಲಿಗೆ ಹೋಗಬೇಕು.

ವಿಚಿತ್ರವೆಂದರೆ ಆ ಕಾಸ್ಟಿಕ್ಕೂ ನಮ್ಮ ಅಜ್ಜಿಯ ಬೂದಿಯೂ ಒಂದೇ ಕುಲದವು. ಕಟ್ಟಿಗೆಯ ಬೂದಿಯಲ್ಲಿರುವ ಕ್ಷಾರ ಜಿಡ್ಡಿನೊಡನೆ ಬೆರೆತು ತುಸು ಸಾಬೂನಾಗುತ್ತದೆ. ಆದುದರಿಂದಲೇ ಬೂದಿಯಲ್ಲಿ ತಿಕ್ಕಿದ ಪಾತ್ರೆ ಬೆಳಗುತ್ತಿತ್ತು. ಆ ಕುಲದ ಅತಿ ಸೌಮ್ಯ ಸದಸ್ಯ ಅಡುಗೆ ಸೋಡಾ. ನಮಗೆ ಬೇಕಾದದ್ದು ಅದು.

ಮೊದಲು ಪ್ಲಗ್ಗು ಕಿತ್ತಿಡಿ. ಒಳಗಿನ ಬಿಸಿ ಉಗುರುಬೆಚ್ಚಗಾಗುವವರೆಗೆ ಕಾಯಿರಿ. ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಗಾಜು ಸೀಳುತ್ತದೆ. ಜಾಳಿಗೆಯನ್ನೂ ತಟ್ಟೆಯನ್ನೂ ಹೊರತೆಗೆದು ಸಾಬೂನಿನ ಬಿಸಿನೀರಲ್ಲಿ ನೆನೆಹಾಕಿ. ಮೂರು ಪಾಲು ಸೋಡಾಕ್ಕೆ ಒಂದು ಪಾಲು ನೀರು ಬೆರೆಸಿ, ಆ ಸರಿಯನ್ನು ಒಳಗೋಡೆಗಳಿಗೆ ಸವರಿ ರಾತ್ರಿಯೆಲ್ಲ ಬಿಡಿ. ಕಾಯುವ ಸರಳುಗಳಿಗೂ ಗಾಳಿಯ ಕಂಡಿಗಳಿಗೂ ಅದು ತಾಗಕೂಡದು. ಅಲ್ಯೂಮಿನಿಯಂ ತಟ್ಟೆಗೆ ಸೋಡಾ ಕೂಡ ಬೇಡ, ಬಣ್ಣಗೆಡುತ್ತದೆ. ಬೆಳಿಗ್ಗೆ ಒದ್ದೆಬಟ್ಟೆಯಿಂದ ಎರಡು ಮೂರು ಸಲ ಒರೆಸಿದರೆ ಬಹುಪಾಲು ಹೋಗಿರುತ್ತದೆ. ಉಳಿದದ್ದಕ್ಕೆ ಮರುರಾತ್ರಿ ಮತ್ತೆ ಸವರಿ; ಚಾಕುವಿನಿಂದ ಕೆರೆಯಬೇಡಿ. ಕೊನೆಗೆ ಉಳಿದ ಬಿಳಿಯ ಪುಡಿಗೆ ವಿನೆಗರ್ ಅದ್ದಿದ ಬಟ್ಟೆ ಸಾಕು. ಸೋಡಾ, ವಿನೆಗರ್ ಎರಡನ್ನೂ ಒಟ್ಟಿಗೆ ಸುರಿದರೆ ನೊರೆ ಚೆನ್ನಾಗಿ ಬರುತ್ತದೆ, ನೋಡಲು ಸೊಗಸು. ಆದರೆ ಒಂದು ಇನ್ನೊಂದರ ಬಲವನ್ನು ತಿಂದು ಹಾಕಿರುತ್ತದೆ. ಬಟ್ಟೆ ಬಿಳುಪು ಮಾಡುವ ಬ್ಲೀಚಿನೊಡನೆ ವಿನೆಗರನ್ನಾಗಲಿ ಬೇರಾವ ಆಮ್ಲವನ್ನಾಗಲಿ ಸೇರಿಸುವುದಂತೂ ಎಂದಿಗೂ ಕೂಡದು, ವಿಷದ ಕ್ಲೋರಿನ್ ಏಳುತ್ತದೆ.

ಗ್ರಿಲ್ಲಿನ ಜಾಳಿಗೆಗೆ ತಂತಿಬ್ರಷ್ ಬಳಸುವವರು ಆಮೇಲೆ ಒದ್ದೆಬಟ್ಟೆಯಿಂದ ಒರೆಸಿ ನೋಡಿ. ಉದುರಿದ ಒಂದು ಎಳೆ ಸುಟ್ಟ ಬದನೆಕಾಯಿಯೊಡನೆ ಗಂಟಲಿಗಿಳಿದರೆ ಆಟವಲ್ಲ. ಇನ್ನು ಕೊಲ್ಹಾಪುರದ ಬೆಲ್ಲ ಹಾಕಿದ ಹೂರಣ ಒಳಗೆ ಉಕ್ಕಿದ್ದರೆ, ಬಿಸಿ ಒದ್ದೆಬಟ್ಟೆಯನ್ನು ಅದರ ಮೇಲೆ ಅರ್ಧ ಗಂಟೆ ಹಾಸಿಡಿ. ಸುಟ್ಟು ಕರಿಯಾಗದ ಬೆಲ್ಲ ನೀರಿಗೇ ಸೋಲುತ್ತದೆ.

ಪ್ಲಗ್ಗನ್ನೂ ನೋಡಿ. 2000 ವ್ಯಾಟಿನ ಓವನ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಸಾದಾ ಸಾಕೆಟ್ ಅದನ್ನು ತಾಳದು, 16ರದ್ದೇ ಬೇಕು. ಪ್ಲಗ್ಗಿನ ಸುತ್ತ ಕಂದುಬಣ್ಣ ಕಂಡರೆ ಕರಿಯನ್ನು ತಿಕ್ಕುವ ಮೊದಲು ವಿದ್ಯುತ್ ಕೆಲಸದವನನ್ನು ಕರೆಯಿರಿ.

ಒಳಗೆ ಪೂರ್ತಿ ಒಣಗಿದ ಮೇಲೆ, ಕಿಟಕಿ ತೆರೆದು, ಬರಿದಾದ ಓವನ್ನನ್ನು ಹತ್ತು ನಿಮಿಷ ಕಾಯಿಸಿ. ಮೊದಲಿಗೆ ತುಸು ವಾಸನೆ ಬರುವುದು. ಅದು ಹೋದ ಮೇಲೆ ನಾನಕಟಾಯಿಯ ಹಿಟ್ಟು ಕಲಸಬಹುದು.