ತಪಾಸಕನ ಮಾತಿಗೆ ಬೆಲೆ ಬರಲಿ

ರಾಜ್ಯದ ಎರಕ ಉದ್ಯಮದ ಪ್ರಮುಖ ಕೇಂದ್ರಗಳಾದ ಬೆಳಗಾವಿ ಮತ್ತು ಶಿವಮೊಗ್ಗದ ಫೌಂಡ್ರಿಗಳಲ್ಲಿ ಕುಲುಮೆ, ಮೋಲ್ಡಿಂಗ್ ಯಂತ್ರಗಳ ಕುರಿತು ನಡೆಯುವಷ್ಟು ಚರ್ಚೆ ಅಳತೆ ತಪಾಸಣೆಯ ಕುರಿತು ನಡೆಯುವುದು ವಿರಳ. ರವಾನೆಗೆ ಮುನ್ನ ಸಹಿ ಹಾಕುವುದಷ್ಟೇ ತಪಾಸಕನ ಕೆಲಸವೆಂಬ ಭಾವನೆ ಇನ್ನೂ ಉಳಿದಿರುವುದು ವಿಷಾದನೀಯ.

ಕರಗಿದ ಲೋಹವು ತಣಿಯುವಾಗ ಕುಗ್ಗುತ್ತದೆ. ಬೂದು ಬೀಡುಕಬ್ಬಿಣಕ್ಕೆ ಸುಮಾರು ಶೇ. 1, ಉಕ್ಕಿಗೆ ಸುಮಾರು ಶೇ. 2 ಕುಗ್ಗುವಿಕೆಯನ್ನು ಲೆಕ್ಕಹಿಡಿದು ಪ್ಯಾಟರ್ನ್ ತಯಾರಿಸುವುದು ವಾಡಿಕೆ. ಬೀಡಿಗಾಗಿ ಮಾಡಿದ ಪ್ಯಾಟರ್ನ್‌ನಲ್ಲಿ ಉಕ್ಕನ್ನು ಎರೆದರೆ 500 ಮಿ.ಮೀ. ಉದ್ದದ ಭಾಗವು ಸುಮಾರು 5 ಮಿ.ಮೀ. ಗಿಡ್ಡವಾಗುತ್ತದೆ. ಇದು ಕಣ್ಣಿಗೆ ಬೀಳುವ ದೋಷ. ಆದರೆ 8 ಮಿ.ಮೀ. ಗೋಡೆಯ ಪಂಪ್ ಬಾಡಿಯೊಂದರ ಕೋರ್ 2 ಮಿ.ಮೀ. ಸರಿದರೆ ಒಂದು ಬದಿ 10, ಇನ್ನೊಂದು ಬದಿ 6 ಮಿ.ಮೀ. ಆಗುತ್ತದೆ. ಹೊರ ಅಳತೆಯಲ್ಲಿ ಯಾವ ವ್ಯತ್ಯಾಸವೂ ಕಾಣದು. ಅದನ್ನು ಪತ್ತೆಹಚ್ಚುವುದು ತಪಾಸಕನ ಅನುಭವ.

ಪ್ಯಾಟರ್ನ್ ಅಥವಾ ಕೋರ್ ಬಾಕ್ಸ್‌ನಲ್ಲಿರುವ ಇಂತಹ ದೋಷವು ಮೊದಲ ಎರಕದಲ್ಲೇ ಗೊತ್ತಾದರೆ ನಷ್ಟ ಒಂದೇ ಎರಕದ್ದು. ಗ್ರಾಹಕರ ಮಷಿನಿಂಗ್ ವಿಭಾಗದಲ್ಲಿ ಗೊತ್ತಾದರೆ ಇಡೀ ಲಾಟ್ ತಿರಸ್ಕೃತವಾಗಬಹುದು. ಮರಳಿ ಕರಗಿಸಿದಾಗ ಲೋಹವೇನೋ ದೊರೆಯುತ್ತದೆ. ವಿದ್ಯುತ್ತು, ಕೂಲಿ, ಸಾಗಾಣಿಕೆ ವೆಚ್ಚ ಹಾಗೂ ಗ್ರಾಹಕರ ವಿಶ್ವಾಸ ಮರಳಿ ಬರುವುದಿಲ್ಲ.

ಹೀಗಿದ್ದರೂ ಅನೇಕ ಕಡೆ ತಪಾಸಕನು ಉತ್ಪಾದನಾ ವ್ಯವಸ್ಥಾಪಕರ ಅಧೀನದಲ್ಲಿಯೇ ಇರುತ್ತಾನೆ. ತಿಂಗಳ ಕೊನೆಯಲ್ಲಿ ರವಾನೆಯ ಗುರಿ ಮುಟ್ಟಬೇಕಾದಾಗ "ಈ ಸಲ ಬಿಟ್ಟುಬಿಡಿ" ಎಂಬ ಮಾತಿಗೆ ಅವನು ಮಣಿಯಬೇಕಾಗುತ್ತದೆ. ಮುಂದೆ ಮಾಲು ತಿರಸ್ಕೃತವಾದಾಗ ಉತ್ತರಿಸಬೇಕಾದವನೂ ಅವನೇ. ಅಧಿಕಾರವಿಲ್ಲದ ಹೊಣೆಗಾರಿಕೆ ನ್ಯಾಯವೂ ಅಲ್ಲ, ಲಾಭಕರವೂ ಅಲ್ಲ.

ಸಿ.ಎಂ.ಎಂ. ಯಂತ್ರ ಕೊಳ್ಳುವಷ್ಟು ಬಂಡವಾಳ ಸಣ್ಣ ಘಟಕಗಳಿಗೆಲ್ಲಿದೆ ಎಂಬ ಪ್ರಶ್ನೆ ಸಹಜ. ಆದರೆ ಎರಕದ ಸಾಮಾನ್ಯ ಅಳತೆಗಳಿಗೆ ಸರ್ಫೇಸ್ ಪ್ಲೇಟ್, ಹೈಟ್ ಗೇಜ್, ವರ್ನಿಯರ್ ಹಾಗೂ ಆಯಾ ಭಾಗಕ್ಕೆ ತಕ್ಕ ಟೆಂಪ್ಲೇಟ್‌ಗಳು ಬಹುಮಟ್ಟಿಗೆ ಸಾಕು. ಗೋಡೆಯ ದಪ್ಪವನ್ನು ಅರಿಯಲು ಮಾದರಿ ಎರಕವೊಂದನ್ನು ಕತ್ತರಿಸಿ ನೋಡಬಹುದು. ಉಪಕರಣಗಳ ಕ್ಯಾಲಿಬ್ರೇಷನ್ ಕಾಲಕಾಲಕ್ಕೆ ನಡೆಯಬೇಕು, ಅಷ್ಟೇ. ಇಲ್ಲಿ ಕೊರತೆಯಿರುವುದು ಯಂತ್ರದ್ದಲ್ಲ, ವ್ಯವಸ್ಥೆಯದು.

ಆದ್ದರಿಂದ ಉದ್ಯಮಿಗಳು ಮೂರು ಕ್ರಮಗಳನ್ನು ಕೈಗೊಳ್ಳುವುದು ಒಳಿತು. ಹೊಸ ಅಥವಾ ದುರಸ್ತಿಯಾದ ಪ್ಯಾಟರ್ನ್‌ನ ಮೊದಲ ಎರಕವನ್ನು ಡ್ರಾಯಿಂಗ್‌ನ ಪ್ರತಿಯೊಂದು ಅಳತೆಯೊಂದಿಗೆ ಹೋಲಿಸದೆ ಉತ್ಪಾದನೆ ಆರಂಭಿಸಬಾರದು. ತಪಾಸಕನು ನೇರವಾಗಿ ಮಾಲೀಕರಿಗೆ ವರದಿ ಸಲ್ಲಿಸುವಂತಾಗಬೇಕು. ಅವನು ತಡೆಹಿಡಿದ ಮಾಲನ್ನು ಬಿಡುವುದಾದರೆ, ಬಿಡುವವರು ಕಾರಣ ಬರೆದು ಸಹಿ ಮಾಡಬೇಕು.

ಕೊನೆಯ ಈ ಒಂದು ನಿಯಮಕ್ಕೆ ಖರ್ಚು ಏನೂ ಇಲ್ಲ. ಸಹಿ ಮಾಡಬೇಕಾದ ಕೈ ಒಮ್ಮೆ ಯೋಚಿಸುತ್ತದೆ. ಆ ಯೋಚನೆಯೇ ಎಷ್ಟೋ ಲಾಟ್‌ಗಳನ್ನು ಉಳಿಸಬಲ್ಲದು.