ಐಸ್ ಹಾಕಿ: ಬೀಳುವುದೇ ಮೊದಲ ಪಾಠ

ಹಾಕಿ ಎಂದೊಡನೆ ನಮಗೆ ನೆನಪಾಗುವುದು ಹಸಿರು ಮೈದಾನ, ಕೊಡಗಿನ ಆಟಗಾರರು. ಕೆನಡದಲ್ಲಿ ಮಾತ್ರ ಹಾಕಿ ಎಂದರೆ ಐಸ್ ಹಾಕಿಯೇ. 1994ರಲ್ಲಿ ಅಲ್ಲಿನ ಸಂಸತ್ತು ಕಾನೂನನ್ನೇ ಮಾಡಿ ಅದನ್ನು ಚಳಿಗಾಲದ ರಾಷ್ಟ್ರೀಯ ಕ್ರೀಡೆಯೆಂದು ಸಾರಿತು. ಆ ದೇಶಕ್ಕೆ ಹೊಸದಾಗಿ ಹೋಗಿ ನೆಲೆಸಿದ ಮನೆಯ ಮಗು 'ನಾನೂ ಹಾಕಿಗೆ ಸೇರುತ್ತೇನೆ' ಎಂದರೆ ಹೆತ್ತವರಿಗೆ ಗಾಬರಿಯಾಗುವುದು ಸಹಜ. ಟೀವಿಯಲ್ಲಿ ಕಂಡ ಢಿಕ್ಕಿ, ಗುದ್ದಾಟಗಳೇ ಅವರ ಕಣ್ಣ ಮುಂದೆ ಬರುತ್ತವೆ. ಈ ಗಾಬರಿಗೆ ಆಧಾರವಿದೆಯೇ?

ಮೊದಲು ಆಟವನ್ನು ತಿಳಿಯೋಣ. ತಂಡವೊಂದರಿಂದ ಒಮ್ಮೆಗೆ ಅಂಕಣದಲ್ಲಿರುವವರು ಆರು ಮಂದಿ: ಒಬ್ಬ ಗೋಲಿ, ಇಬ್ಬರು ರಕ್ಷಕರು, ಮೂವರು ಮುನ್ಪಡೆಯವರು. ಇಲ್ಲಿ ಚೆಂಡಿಲ್ಲ, 'ಪಕ್' ಎಂಬ ಗಟ್ಟಿ ರಬ್ಬರಿನ ಬಿಲ್ಲೆಯಿದೆ. ಅದರ ವ್ಯಾಸ ಮೂರು ಅಂಗುಲ, ದಪ್ಪ ಒಂದು ಅಂಗುಲ. ದೊಡ್ಡವರ ಪಂದ್ಯದಲ್ಲಿ 20 ನಿಮಿಷಗಳ ಮೂರು ಅವಧಿಗಳು. ಆಟ ನಡೆಯುತ್ತಿರುವಾಗಲೇ ದಣಿದವರು ಹೊರಬಂದು ಬೇರೆಯವರು ಒಳಗಿಳಿಯಬಹುದು.

ಎದುರಾಳಿಯ ಕಡೆಯ ನೀಲಿ ಗೆರೆಯನ್ನು ಪಕ್‌ಗಿಂತ ಮೊದಲು ದಾಟಿ ಒಳನುಗ್ಗಿದರೆ ಅದು ಆಫ್‌ಸೈಡ್. ಎದುರಾಳಿಯ ಕಾಲಿಗೆ ಕೋಲು ಕೊಟ್ಟು ಬೀಳಿಸಿದರೆ ಎರಡು ನಿಮಿಷ ಹೊರಗೆ ಕೂರಬೇಕು. ಅಷ್ಟು ಹೊತ್ತು ಅವನ ತಂಡ ಒಬ್ಬ ಕಡಿಮೆಯಾಗಿ ಆಡುತ್ತದೆ. ನೋಡಲು ಕುಳಿತವರಿಗೆ ಸದ್ಯಕ್ಕೆ ಇಷ್ಟು ಸಾಕು.

ಇನ್ನು ಢಿಕ್ಕಿಯ ವಿಷಯ. ಪಕ್ ಕಸಿಯಲು ಮೈಯಿಂದ ಗುದ್ದುವುದಕ್ಕೆ 'ಬಾಡಿ ಚೆಕಿಂಗ್' ಎನ್ನುತ್ತಾರೆ. ಒಂದು ಕಾಲಕ್ಕೆ ಕೆನಡದ ಆಲ್ಬರ್ಟಾ ಪ್ರಾಂತ್ಯದಲ್ಲಿ 11–12ರ ಮಕ್ಕಳಿಗೂ ಅದಕ್ಕೆ ಅವಕಾಶವಿತ್ತು. ಕ್ವಿಬೆಕ್ ಪ್ರಾಂತ್ಯದಲ್ಲಿ ಇರಲಿಲ್ಲ. ಈ ಎರಡು ಪ್ರಾಂತ್ಯಗಳ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಂಶೋಧಕರು ಹೋಲಿಸಿ ನೋಡಿದರು. 2010ರಲ್ಲಿ ಪ್ರಕಟವಾದ ಅವರ ವರದಿಯಂತೆ ಆಲ್ಬರ್ಟಾದ ಮಕ್ಕಳಿಗೆ ಗಾಯದ ಅಪಾಯ ಮೂರು ಪಟ್ಟಿಗೂ ಹೆಚ್ಚು. 2013ರಲ್ಲಿ 'ಹಾಕಿ ಕೆನಡ' ಸಂಸ್ಥೆ ಆ ವಯಸ್ಸಿನವರಿಗೆ ದೇಶದಾದ್ಯಂತ ಬಾಡಿ ಚೆಕಿಂಗ್ ನಿಷೇಧಿಸಿತು. ಹೆತ್ತವರ ಗಾಬರಿ ಸುಳ್ಳಲ್ಲ. ಅದಕ್ಕೆ ನಿಯಮದ ಉತ್ತರವೂ ದೊರೆತಿದೆ.

ಹಾಗಾದರೆ ಪುಟ್ಟ ಮಗು ಮೊದಲು ಕಲಿಯುವುದೇನು? ಸ್ಕೇಟಿಂಗ್. ಅದರಲ್ಲೂ ಬೀಳುವುದು, ಒಂದು ಮಂಡಿ ಊರಿ ಮೇಲೇಳುವುದು. ಗೋಲಿನ ಮಾತು ಆಮೇಲೆ. ಪಾದಕ್ಕೆ ಸರಿಯಾಗಿ ಕೂರುವ ಸ್ಕೇಟ್ ಕೊಡಿಸಿ. 'ಮುಂದಿನ ವರ್ಷಕ್ಕೂ ಆದೀತು' ಎಂದು ದೊಡ್ಡ ಅಳತೆಯದನ್ನು ಕೊಂಡರೆ ಮಗುವಿನ ಕಣಕಾಲು ವಾಲುತ್ತದೆ. ಮುಖಕವಚವಿರುವ ಹೆಲ್ಮೆಟ್, ಕುತ್ತಿಗೆಪಟ್ಟಿ ಬೇಕೇ ಬೇಕು.

ಆದರೆ ಹೆಲ್ಮೆಟ್ ಎಲ್ಲವನ್ನೂ ತಡೆಯದು. ತಲೆಗೆ ಪೆಟ್ಟಾಗಿ ಮಗು ಮಂಕಾದರೆ, ತಲೆಸುತ್ತು ಎಂದರೆ, ವಾಂತಿ ಮಾಡಿಕೊಂಡರೆ ಆ ದಿನದ ಆಟ ಅಲ್ಲಿಗೇ ನಿಲ್ಲಬೇಕು. ವೈದ್ಯರು ಒಪ್ಪುವವರೆಗೆ ಮತ್ತೆ ಇಳಿಸಬಾರದು. ಮಕ್ಕಳೇ, ತಂಡದ ಗೆಲುವಿಗಾಗಿ ತಲೆನೋವನ್ನು ಮುಚ್ಚಿಡಬೇಡಿ. ಪಂದ್ಯ ಮುಂದಿನ ವಾರವೂ ಇರುತ್ತದೆ.